ಒತ್ತಡ ಮತ್ತು ಆಹಾರ ಸೇವನೆಯ ಅಸ್ವಸ್ಥತೆಗಳು

ಆಹಾರ ಸೇವನೆಯ ಅಸ್ವಸ್ಥತೆಗಳು ಉಣ್ಣುವ ಕ್ರಮವೂ ದೇಹದ ತೂಕ, ಆಕಾರಗಳ ಕುರಿತ ಆಲೋಚನೆಯೂ ತೀವ್ರವಾಗಿ ಏರುಪೇರಾಗುವ ಮಾನಸಿಕ ಕಾಯಿಲೆಗಳಾಗಿವೆ. ಅನೊರೆಕ್ಸಿಯಾ ನರ್ವೋಸಾ, ಬುಲಿಮಿಯಾ ನರ್ವೋಸಾ ಮತ್ತು ಅತಿಭಕ್ಷಣ ಅಸ್ವಸ್ಥತೆ ಇವುಗಳಲ್ಲಿ ಮುಖ್ಯವಾದವು. ಆನುವಂಶಿಕತೆ, ವ್ಯಕ್ತಿಸ್ವಭಾವ ಹಾಗೂ ಸಾಮಾಜಿಕ ಪರಿಸರಗಳ ಜೊತೆಗೆ ಒತ್ತಡವೂ ಅದನ್ನು ನಿಭಾಯಿಸುವ ರೀತಿಯೂ ಇವುಗಳ ಬೆಳವಣಿಗೆಯಲ್ಲಿ ಪಾತ್ರ ವಹಿಸುತ್ತವೆ.

ಇತಿಹಾಸ

ಅನೊರೆಕ್ಸಿಯಾ ನರ್ವೋಸಾ ಎಂಬ ಹೆಸರನ್ನು 19ನೆಯ ಶತಮಾನದಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ಗಲ್ ಬಳಕೆಗೆ ತಂದರು. ಬುಲಿಮಿಯಾ ನರ್ವೋಸಾವನ್ನು 1979ರಲ್ಲಿ ಜೆರಾಲ್ಡ್ ರಸೆಲ್ ವಿವರಿಸಿದರು. ಅಮೆರಿಕದ ಮನೋವೈದ್ಯಕೀಯ ಸಂಘದ ರೋಗನಿರ್ಣಯ ಕೈಪಿಡಿಯಲ್ಲಿ ಅತಿಭಕ್ಷಣವು 2013ರಲ್ಲಿ ಪ್ರತ್ಯೇಕ ಕಾಯಿಲೆಯಾಗಿ ಸ್ಥಾನ ಪಡೆಯಿತು.

ನಿಭಾಯಿಸುವ ರೀತಿಗಳು

ರಿಚರ್ಡ್ ಲಜಾರಸ್ ಮತ್ತು ಸೂಸನ್ ಫೋಕ್‌ಮನ್ 1984ರ ತಮ್ಮ ಕೃತಿಯಲ್ಲಿ ಒತ್ತಡ ನಿಭಾಯಿಸುವ ಎರಡು ಬಗೆಗಳನ್ನು ಗುರುತಿಸಿದ್ದಾರೆ. ಮೊದಲನೆಯದು ಸಮಸ್ಯೆಯನ್ನೇ ಪರಿಹರಿಸುವ ಯತ್ನ. ಎರಡನೆಯದು ಅದರಿಂದ ಉಂಟಾದ ಭಾವನೆಗಳನ್ನು ತಣಿಸುವ ಯತ್ನ. ಆಹಾರವನ್ನು ಕಟ್ಟುನಿಟ್ಟಾಗಿ ಮಿತಗೊಳಿಸುವುದರಿಂದ ಕೆಲವರಿಗೆ ಬದುಕು ತಮ್ಮ ಹಿಡಿತದಲ್ಲಿದೆಯೆಂಬ ಭಾವನೆ ಮೂಡುತ್ತದೆ. ಅತಿಯಾಗಿ ತಿನ್ನುವುದು ಇನ್ನು ಕೆಲವರಿಗೆ ನೋವಿನ ಆಲೋಚನೆಗಳಿಂದ ಕ್ಷಣಿಕ ಬಿಡುಗಡೆ ನೀಡುತ್ತದೆ. ಆ ಬಳಿಕ ಉಂಟಾಗುವ ನಾಚಿಕೆ, ಅಪರಾಧಿ ಭಾವಗಳೇ ಹೊಸ ಒತ್ತಡವಾಗಿ ಅದೇ ವರ್ತನೆಯನ್ನು ಮರುಕಳಿಸುತ್ತವೆ. ಆದ್ದರಿಂದ ಇದನ್ನು ಕೇವಲ ಮನೋಬಲದ ಕೊರತೆಯೆಂದು ಭಾವಿಸುವುದು ಸರಿಯಲ್ಲ.

ದೇಹದ ಮೇಲಿನ ಪರಿಣಾಮ

ತೀವ್ರವಾದ, ತಾತ್ಕಾಲಿಕ ಒತ್ತಡದಲ್ಲಿ ಸಾಮಾನ್ಯವಾಗಿ ಹಸಿವು ಕುಗ್ಗುತ್ತದೆ. ಒತ್ತಡವು ದೀರ್ಘವಾದಾಗ ಕಾರ್ಟಿಸಾಲ್ ಹಾರ್ಮೋನಿನ ಪ್ರಭಾವದಿಂದ ಸಿಹಿ ಹಾಗೂ ಕೊಬ್ಬಿನ ಆಹಾರದ ಬಯಕೆ ಅನೇಕರಲ್ಲಿ ಹೆಚ್ಚುತ್ತದೆ.

ಹಸಿವೂ ಸ್ವತಃ ಒಂದು ಒತ್ತಡವೇ. 1944–45ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ನಡೆಸಿದ ಪ್ರಯೋಗದಲ್ಲಿ 36 ಆರೋಗ್ಯವಂತ ಪುರುಷರು 24 ವಾರ ಅರೆಹೊಟ್ಟೆಯಲ್ಲಿದ್ದರು. ಅವರಲ್ಲಿ ಖಿನ್ನತೆ, ಸಿಡುಕುತನ ಮತ್ತು ಸದಾ ಆಹಾರದ್ದೇ ಚಿಂತೆ ಕಾಣಿಸಿಕೊಂಡವು. ಸಾಕಷ್ಟು ಆಹಾರ ದೊರೆತ ಮೇಲೂ ಕೆಲವರು ಮಿತಿಮೀರಿ ತಿನ್ನತೊಡಗಿದರು. ಕಾಯಿಲೆಯ ಕೆಲವು ಲಕ್ಷಣಗಳು ಉಪವಾಸದ ಫಲವೂ ಆಗಿರಬಹುದೆಂಬುದು ಇದರಿಂದ ತಿಳಿಯುತ್ತದೆ.

ಚಿಕಿತ್ಸೆ

ದೀರ್ಘ ಉಪವಾಸ ಹಾಗೂ ಪದೇಪದೇ ವಾಂತಿ ಮಾಡಿಕೊಳ್ಳುವುದರಿಂದ ಹೃದಯದ ಲಯ ತಪ್ಪಿ ಪ್ರಾಣಾಪಾಯ ಸಂಭವಿಸಬಹುದು. ಆದ್ದರಿಂದ ಪೌಷ್ಟಿಕತೆಯನ್ನು ಮರಳಿ ತರುವುದು ಚಿಕಿತ್ಸೆಯ ಅಗತ್ಯ ಭಾಗವಾಗಿದೆ. ಬುಲಿಮಿಯಾ ಮತ್ತು ಅತಿಭಕ್ಷಣಗಳಿಗೆ ಅರಿವು-ವರ್ತನಾ ಚಿಕಿತ್ಸೆಯೂ, ಅನೊರೆಕ್ಸಿಯಾ ಇರುವ ಹದಿಹರೆಯದವರಿಗೆ ಕುಟುಂಬಾಧಾರಿತ ಚಿಕಿತ್ಸೆಯೂ ಪರಿಣಾಮಕಾರಿ. ಒತ್ತಡವನ್ನು ಅನ್ಯ ಮಾರ್ಗಗಳಿಂದ ನಿಭಾಯಿಸುವ ಕೌಶಲಗಳನ್ನೂ ಚಿಕಿತ್ಸೆಯಲ್ಲಿ ಕಲಿಸಲಾಗುತ್ತದೆ. ಭಾರತದಲ್ಲಿ ಟೆಲಿ ಮಾನಸ್ ಸಹಾಯವಾಣಿ 14416ರ ಮೂಲಕ ಉಚಿತ ಮಾನಸಿಕ ಆರೋಗ್ಯ ಸಲಹೆ ಲಭ್ಯವಿದೆ.