ಕಂಬಾಲಪಲ್ಲಿ: ಬೆಂಕಿಗೆ ಸೆಕ್ಷನ್ ಇತ್ತು, ಸಾಕ್ಷಿಗೆ ರಕ್ಷಣೆ ಇರಲಿಲ್ಲ

ಸ್ವಲ್ಪ ಉದ್ದದ ಪೋಸ್ಟು. ದಯವಿಟ್ಟು ಪೂರ್ತಿ ಓದಿ.

2000ನೇ ಇಸವಿ ಮಾರ್ಚ್ 11. ನಮ್ಮ ಯಲ್ದೂರು ಇರೋದು ಶ್ರೀನಿವಾಸಪುರ ತಾಲ್ಲೂಕಿನಲ್ಲಿ. ಪಕ್ಕದ ಚಿಂತಾಮಣಿ ತಾಲ್ಲೂಕು ಆಗ ನಮ್ಮ ಕೋಲಾರ ಜಿಲ್ಲೆಯಲ್ಲೇ ಇತ್ತು. ಅಲ್ಲಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. ಆಗ ನಾನು ಹೈಸ್ಕೂಲು. ಸುದ್ದಿ ಬಂದ ಮೇಲೆ ಎಷ್ಟೋ ದಿನ ನಮ್ಮಮ್ಮ ಹಿತ್ತಲ ಬಾಗಿಲಿಗೆ ಚಿಲಕ ಹಾಕದೇ ಮಲಗುತ್ತಿದ್ದಳು. "ಓಡೋಕೆ ಒಂದು ದಾರಿ ಇರಲಿ" ಅಂತಿದ್ದಳು.

ಕಾನೂನು ಇರಲಿಲ್ವಾ? ಇತ್ತು. 1860ರ ದಂಡಸಂಹಿತೆಯಲ್ಲೇ ಇತ್ತು. ಕೊಲೆಗೆ 302. ಬೆಂಕಿ, ಕಾದ ವಸ್ತು, ವಿಷ, ಸ್ಫೋಟಕದಿಂದ ತೀವ್ರ ಗಾಯ ಮಾಡಿದರೆ 326. ಮನೆ ಸುಟ್ಟರೆ 436. ಇವು ಸಾಲದು ಅಂತ 1989ರ ದೌರ್ಜನ್ಯ ತಡೆ ಕಾಯ್ದೆ ಬಂತು. ದಲಿತರ ವಾಸದ ಮನೆಗೆ ಬೆಂಕಿ ಇಟ್ಟರೆ ಅದರ 3(2)(iv) ಪ್ರಕಾರ ಜೀವಾವಧಿ ಶಿಕ್ಷೆ.

ಆದರೂ ಆದದ್ದೇನು? ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಕೋಲಾರದ ನ್ಯಾಯಾಲಯ ಆರೋಪಿಗಳನ್ನೆಲ್ಲ ಖುಲಾಸೆ ಮಾಡಿತು. 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಏಳು ಜನ ಸತ್ತಿದ್ದು ನಿಜ, ಕೊಂದವರು ಮಾತ್ರ ಯಾರೂ ಇಲ್ಲ!

ಸಾಕ್ಷಿಗಳನ್ನು ಬೈಯೋರಿದ್ದಾರೆ. ನಾನು ಬೈಯಲ್ಲ. ಕೂಲಿ ಅದೇ ಊರಲ್ಲಿ, ನೀರು ಅದೇ ಊರಲ್ಲಿ. ಕೋರ್ಟಿನ ಕಟಕಟೆಯಿಂದ ಇಳಿದವರು ಸಂಜೆ ಬಸ್ಸು ಹತ್ತಿ ಹೋಗಬೇಕಾದದ್ದೂ ಅದೇ ಊರಿಗೆ.

ಆಸಿಡ್ ದಾಳಿಯ ಕತೆ ನೋಡಿ. ಅದಕ್ಕೂ ಮೊದಲು ಇದ್ದದ್ದು ಇದೇ 326, 307. ಹೆಣ್ಣುಮಕ್ಕಳು ಸುಟ್ಟ ಮುಖ ಹೊತ್ತೇ ಬೀದಿಗಿಳಿದು ಹೋರಾಡಿದರು. ಬೆಂಗಳೂರಿನಲ್ಲೂ ಹೋರಾಡಿದರು. 2013ರಲ್ಲಿ 326ಎ ಬಂತು. ಕನಿಷ್ಠ ಹತ್ತು ವರ್ಷ ಜೈಲು, ದಂಡದ ಹಣ ಚಿಕಿತ್ಸೆಗಾಗಿ ಸಂತ್ರಸ್ತೆಗೇ ಸೇರಬೇಕು. ಗಾಯಗೊಂಡವರು ಮಾತಾಡಿದಾಗಲೇ ಕಾನೂನು ಬದಲಾಗೋದು.

ನಮ್ಮ ಕಾಯ್ದೆಯೂ ಬದಲಾಯಿತು. 2015ರ ತಿದ್ದುಪಡಿಯಲ್ಲಿ 15ಎ ಸೇರಿತು, 2016ರ ಜನವರಿ 26ರಿಂದ ಜಾರಿ. ಸಂತ್ರಸ್ತರು, ಸಾಕ್ಷಿಗಳು, ಅವರ ಕುಟುಂಬದವರನ್ನು ಬೆದರಿಕೆಯಿಂದ ಕಾಪಾಡೋದು ಸರ್ಕಾರದ ಹೊಣೆ. ವಿಚಾರಣೆಗೆ ಬಂದುಹೋಗುವ ಖರ್ಚೂ ಕೊಡಬೇಕು. ಜಾಮೀನು ಅರ್ಜಿ ಬಂದರೆ ನಮಗೆ ತಿಳಿಸಬೇಕು, ನಮ್ಮ ಮಾತೂ ಕೇಳಬೇಕು. ಕಂಬಾಲಪಲ್ಲಿಗೆ ಬೇಕಿದ್ದದ್ದು ಇದೇ. ಹದಿನಾರು ವರ್ಷ ತಡವಾಗಿ ಬಂತು.

ಸಾಕ್ಷಿ ನಿಂತರೆ ಏನಾಗುತ್ತೆ? ಕೊಪ್ಪಳ ಜಿಲ್ಲೆಯ ಮರಕುಂಬಿಯಲ್ಲಿ 2014ರ ಆಗಸ್ಟ್‌ನಲ್ಲಿ ದಲಿತರ ಗುಡಿಸಲು ಸುಟ್ಟರು. 2024ರ ಅಕ್ಟೋಬರ್‌ನಲ್ಲಿ ಕೊಪ್ಪಳದ ಕೋರ್ಟು 98 ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಆಮೇಲೆ ಹೈಕೋರ್ಟಿನಲ್ಲಿ ಅನೇಕರಿಗೆ ಜಾಮೀನು ಸಿಕ್ಕಿತು, ಅದು ಬೇರೆ ಮಾತು. ಆದರೆ ಶಿಕ್ಷೆ ಸಾಧ್ಯ ಅನ್ನೋದು ರುಜುವಾತಾಯಿತು.

2024ರ ಜುಲೈ 1ರಿಂದ ನ್ಯಾಯಸಂಹಿತೆ ಬಂದು ಸೆಕ್ಷನ್ ನಂಬರುಗಳು ಬದಲಾಗಿವೆ. ತೀವ್ರ ಗಾಯದ 326 ಈಗ 118(2), ಆಸಿಡ್‌ನದು 124, ಮನೆ ಸುಡೋದು 326(ಜಿ). ದೌರ್ಜನ್ಯ ಕಾಯ್ದೆಯ 15ಎ ಮಾತ್ರ ಹಾಗೇ ಇದೆ. ಠಾಣೆಗೆ ಹೋಗುವಾಗ ಉಳಿದದ್ದು ಮರೆತರೂ ಪರವಾಗಿಲ್ಲ, 15ಎ ಮರೆಯಬೇಡಿ. ರಕ್ಷಣೆ ಬೇಕು ಅಂತ ಬರೆದುಕೊಡಿ, ಸ್ವೀಕೃತಿ ಕೇಳಿ ಪಡೆಯಿರಿ.

ನಮ್ಮ ಅಮ್ಮಂದಿರು ಚಿಲಕ ಹಾಕಿಕೊಂಡು ನೆಮ್ಮದಿಯಾಗಿ ಮಲಗಬೇಕು. ಅಷ್ಟೇ.

ಜೈ ಭೀಮ್.