ಕಮೋಡೋರ್ ಗೋಪಾಲರಾವ್: ಕರಾಚಿ ದಾಳಿಯ ನೌಕಾ ಸೇನಾನಿಯ ನೆನಪು

1971ರ ಯುದ್ಧದಲ್ಲಿ ಕರಾಚಿ ಬಂದರಿನ ಮೇಲೆ ನಡೆದ ಕ್ಷಿಪಣಿ ದಾಳಿಯಲ್ಲಿ ಪ್ರಮುಖ ಪಾತ್ರ ವಹಿಸಿ ಮಹಾವೀರ ಚಕ್ರಕ್ಕೆ ಭಾಜನರಾದವರು ಕಮೋಡೋರ್ ಕಾಸರಗೋಡು ಪಟ್ಟಣಶೆಟ್ಟಿ ಗೋಪಾಲರಾವ್. ಹೆಸರಿನ ಮೊದಲಲ್ಲೇ ಕಾಸರಗೋಡನ್ನು ಹೊತ್ತಿದ್ದ ಅವರು ಜನಿಸಿದ್ದು 1926ರ ನವೆಂಬರ್ 13ರಂದು, ಮಧುರೆಯಲ್ಲಿ. 1950ರಲ್ಲಿ ನೌಕಾಪಡೆಯ ಅಧಿಕಾರಿಯಾದರು. ನಿವೃತ್ತಿಯ ನಂತರ ಚೆನ್ನೈನಲ್ಲಿ ನೆಲೆಸಿದ್ದ ಅವರು 2021ರ ಆಗಸ್ಟ್ 9ರಂದು, ತಮ್ಮ 94ನೇ ವಯಸ್ಸಿನಲ್ಲಿ, ಪತ್ನಿ ಹಾಗೂ ಮಕ್ಕಳನ್ನು ಅಗಲಿದರು. ಯುದ್ಧವಿಜಯದ ಸುವರ್ಣ ವರ್ಷವನ್ನು ದೇಶ ಆಚರಿಸುತ್ತಿದ್ದ ಕಾಲವದು.

ಆ ರಾತ್ರಿ

ಸೋವಿಯತ್ ಒಕ್ಕೂಟದಿಂದ ಬಂದ ಓಸಾ ವರ್ಗದ ಕ್ಷಿಪಣಿ ದೋಣಿಗಳು ಮೂಲತಃ ಕರಾವಳಿ ರಕ್ಷಣೆಗೆಂದು ರೂಪುಗೊಂಡವು. ವೇಗ ಹೆಚ್ಚು, ಆದರೆ ದೂರ ಸಾಗುವ ಸಾಮರ್ಥ್ಯ ಕಡಿಮೆ. ಅವುಗಳನ್ನು ದೂರದ ಶತ್ರು ಬಂದರಿನ ಮೇಲೆ ಬಳಸುವ ಸಾಹಸಕ್ಕೆ ಅಂದಿನ ನೌಕಾಪಡೆಯ ಮುಖ್ಯಸ್ಥ ಅಡ್ಮಿರಲ್ ಎಸ್.ಎಂ. ನಂದಾ ಸಮ್ಮತಿಸಿದರು. ನಿಪಾತ್, ನಿರ್ಘಾತ್ ಮತ್ತು ವೀರ್ ಎಂಬ ಮೂರು ದೋಣಿಗಳಿಗೆ ಕಿಲ್ತಾನ್ ಮತ್ತು ಕಚ್ಚಾಲ್ ನೌಕೆಗಳು ಬೆಂಗಾವಲಾದವು. ಕಿಲ್ತಾನ್‌ನ ನಾಯಕರಾಗಿದ್ದವರು ಆಗ ಕಮಾಂಡರ್ ಹುದ್ದೆಯಲ್ಲಿದ್ದ ಗೋಪಾಲರಾವ್. ಕ್ಷಿಪಣಿ ದೋಣಿಗಳ ದಳಪತಿ ಕಮಾಂಡರ್ ಬಬ್ರುಭಾನ್ ಯಾದವ್ ನಿಪಾತ್‌ನಲ್ಲಿದ್ದರು.

ಡಿಸೆಂಬರ್ 4ರ ರಾತ್ರಿ ನಿರ್ಘಾತ್ ಸಿಡಿಸಿದ ಕ್ಷಿಪಣಿಗಳಿಗೆ ಪಾಕಿಸ್ತಾನದ ಖೈಬರ್ ಯುದ್ಧನೌಕೆ ಮುಳುಗಿತು. ವೀರ್ ದೋಣಿಯು ಸುರಂಗ ಶೋಧಕ ಹಡಗು ಮುಹಾಫಿಜ್ ಅನ್ನು ಮುಳುಗಿಸಿತು. ನಿಪಾತ್‌ನ ಕ್ಷಿಪಣಿ ಕೀಮಾರಿಯ ತೈಲ ಸಂಗ್ರಹಾಗಾರಕ್ಕೆ ಬೆಂಕಿಯಿಟ್ಟಿತು. ಭಾರತದ ಕಡೆ ಒಂದು ಜೀವವೂ ಹೋಗಲಿಲ್ಲ. ಇದೇ 'ಆಪರೇಷನ್ ಟ್ರೈಡೆಂಟ್'. ಡಿಸೆಂಬರ್ 4 ಇಂದಿಗೂ ನೌಕಾಪಡೆ ದಿನ. ವೈಮಾನಿಕ, ಜಲಾಂತರ್ಗಾಮಿ ಹಾಗೂ ಮೇಲ್ಮೈ ದಾಳಿಯ ಅಪಾಯವನ್ನು ಲೆಕ್ಕಿಸದೆ ತಮ್ಮ ಪಡೆಯನ್ನು ಶತ್ರು ಜಲಪ್ರದೇಶದೊಳಕ್ಕೆ ಮುನ್ನಡೆಸಿದರೆಂದು ಗೋಪಾಲರಾವ್ ಅವರ ಪ್ರಶಸ್ತಿಪತ್ರ ದಾಖಲಿಸುತ್ತದೆ. ಯಾದವ್ ಅವರಿಗೂ ಮಹಾವೀರ ಚಕ್ರ ಸಂದಿತು.

ಒಡನಾಡಿಗಳ ನೆನಪಿನಲ್ಲಿ

ಪ್ರಶಸ್ತಿಪತ್ರ ಹೇಳದ ಸಂಗತಿಗಳನ್ನು ಉಳಿಸಿಕೊಟ್ಟವರು ಒಡನಾಡಿಗಳು. ಸೋವಿಯತ್ ನೆಲದಲ್ಲಿ ತರಬೇತಿ ಪಡೆದಿದ್ದ ನಾವಿಕರು ಶತ್ರುವನ್ನು ದಾರಿತಪ್ಪಿಸಲು ರೇಡಿಯೋದಲ್ಲಿ ರಷ್ಯನ್ ಭಾಷೆಯಲ್ಲಿ ಮಾತನಾಡಿದ್ದು ಇಂಥ ನೆನಪುಗಳಲ್ಲೊಂದು. ಯುದ್ಧಕಾಲದಲ್ಲಿ ಪಶ್ಚಿಮ ನೌಕಾದಳದ ಕಾರ್ಯಾಚರಣೆ ಅಧಿಕಾರಿಯಾಗಿದ್ದ ವೈಸ್ ಅಡ್ಮಿರಲ್ ಜಿ.ಎಂ. ಹೀರಾನಂದಾನಿ, 1965ರಿಂದ 1975ರವರೆಗಿನ ನೌಕಾಪಡೆಯ ಇತಿಹಾಸವನ್ನು ಬರೆಯುವಾಗ, ಕಡತಗಳ ಜೊತೆಗೆ ಭಾಗವಹಿಸಿದವರ ಸ್ವಂತ ಮಾತುಗಳನ್ನೂ ಸೇರಿಸಿದರು.

ಆ ಪೀಳಿಗೆ ಒಬ್ಬೊಬ್ಬರಾಗಿ ಮರೆಯಾಗಿದೆ. ಹೀರಾನಂದಾನಿ 2009ರಲ್ಲಿ, ಯಾದವ್ 2010ರಲ್ಲಿ ತೀರಿಕೊಂಡರು. ಯುದ್ಧಕಾಲದಲ್ಲಿ ದೆಹಲಿಯಲ್ಲಿ ನೌಕಾ ಕಾರ್ಯಾಚರಣೆಗಳ ನಿರ್ದೇಶಕರಾಗಿದ್ದು, ಮುಂದೆ ನೌಕಾಪಡೆಯ ಮುಖ್ಯಸ್ಥರಾದ ಅಡ್ಮಿರಲ್ ಓ.ಎಸ್. ಡಾಸನ್ 2011ರಲ್ಲಿ ಬೆಂಗಳೂರಿನಲ್ಲಿ ನಿಧನರಾದರು.

ಗೆಲುವಿನ ನೆನಪಿಗೆ ನೋವಿನ ಮಗ್ಗುಲೂ ಇದೆ. ಖೈಬರ್‌ನಲ್ಲಿದ್ದ ಇನ್ನೂರಕ್ಕೂ ಹೆಚ್ಚು ಮಂದಿ ಸತ್ತರು. ಐದು ದಿನಗಳ ತರುವಾಯ ಭಾರತದ ಖುಕ್ರಿ ಮುಳುಗಿ, ಕ್ಯಾಪ್ಟನ್ ಮುಲ್ಲಾ ಸೇರಿ 18 ಅಧಿಕಾರಿಗಳು ಹಾಗೂ 176 ನಾವಿಕರು ಮರಳಲಿಲ್ಲ. ಅವರ ಮನೆಗಳಲ್ಲಿ ಡಿಸೆಂಬರ್ ಮತ್ತೊಂದು ಅರ್ಥದಲ್ಲಿ ಬರುತ್ತದೆ.

ಕಾರವಾರದಲ್ಲಿ

ಕ್ಷಿಪಣಿ ದೋಣಿಯ ಗಾತ್ರ ಎಷ್ಟೆಂದು ಕಣ್ಣಾರೆ ಕಾಣಬಯಸುವ ಕನ್ನಡಿಗರು ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರಕ್ಕೆ ಹೋಗಬೇಕು. ಅಲ್ಲಿ ವಸ್ತುಸಂಗ್ರಹಾಲಯವಾಗಿರುವ ಚಪಲ್ ಆ ದಾಳಿಯಲ್ಲಿ ಇರಲಿಲ್ಲ. ಯುದ್ಧದ ಕೆಲವು ವರ್ಷಗಳ ನಂತರ ಸೇವೆಗೆ ಸೇರಿದ ಅದೇ ವಂಶದ ದೋಣಿ ಅದು. ಆದರೂ ಅದರ ಇಕ್ಕಟ್ಟಾದ ಒಡಲನ್ನು ಹೊಕ್ಕವರಿಗೆ, ಇಷ್ಟು ಕಿರಿದಾದ ದೋಣಿಗಳಲ್ಲಿ ಕರಾಚಿಯವರೆಗೆ ಹೋಗಿಬಂದವರ ಎದೆಗಾರಿಕೆ ತಿಳಿಯುತ್ತದೆ.

ಪದಕಗಳ ದಾಖಲೆ ಸರ್ಕಾರದ ಬಳಿ ಭದ್ರವಾಗಿರುತ್ತದೆ. ಹಳೆಯ ಸೈನಿಕರು ಮನೆಮಂದಿಗೂ ಗೆಳೆಯರಿಗೂ ಹೇಳಿದ ಮಾತುಗಳನ್ನು ಬರೆದಿಡಬೇಕಾದವರು ಅವನ್ನು ಕೇಳಿದವರೇ.