ಸ್ಥಳೀಯ ಕ್ಲೌಡ್ ಎಮ್ಯುಲೇಟರ್

ಸ್ಥಳೀಯ ಕ್ಲೌಡ್ ಎಮ್ಯುಲೇಟರ್ ಎಂಬುದು ಅಮೆಜಾನ್, ಮೈಕ್ರೋಸಾಫ್ಟ್, ಗೂಗಲ್ ಮೊದಲಾದ ಸಂಸ್ಥೆಗಳು ಅಂತರಜಾಲದ ಮೂಲಕ ಒದಗಿಸುವ ಕ್ಲೌಡ್ ಸೇವೆಗಳ ವರ್ತನೆಯನ್ನು ಒಂದೇ ಗಣಕಯಂತ್ರದೊಳಗೆ ಅನುಕರಿಸುವ ತಂತ್ರಾಂಶವಾಗಿದೆ. ಬಿಲ್ಡ್ ಪೈಪ್‌ಲೈನ್ ಎಂದು ಕರೆಯಲಾಗುವ ಸ್ವಯಂಚಾಲಿತ ನಿರ್ಮಾಣ ಸರಣಿಗಳಲ್ಲಿ, ನಿಜವಾದ ಕ್ಲೌಡ್ ಖಾತೆಯನ್ನು ಬಳಸದೆ ಪರೀಕ್ಷೆಗಳನ್ನು ನಡೆಸಲು ಇದನ್ನು ಉಪಯೋಗಿಸುತ್ತಾರೆ.

ಹಿನ್ನೆಲೆ

ತಂತ್ರಾಂಶ ತಂಡದ ಸದಸ್ಯರು ಬದಲಾಯಿಸಿದ ಕೋಡನ್ನು ಸಾಮಾನ್ಯ ಸಂಗ್ರಹಕ್ಕೆ ಸೇರಿಸಿದಾಗ ಅದನ್ನು ಜೋಡಿಸಿ, ಪರೀಕ್ಷಿಸಿ, ಬಿಡುಗಡೆಗೆ ಸಿದ್ಧಪಡಿಸುವ ಕೆಲಸವನ್ನು ಜೆಂಕಿನ್ಸ್, ಗಿಟ್‌ಲ್ಯಾಬ್, ಗಿಟ್‌ಹಬ್ ಆಕ್ಷನ್ಸ್ ಮುಂತಾದ ವ್ಯವಸ್ಥೆಗಳು ತಾವಾಗಿಯೇ ಮಾಡುತ್ತವೆ. 2006ರಲ್ಲಿ ಅಮೆಜಾನ್ ತನ್ನ ಎಸ್3 ಸಂಗ್ರಹ ಸೇವೆಯನ್ನು ಆರಂಭಿಸಿದ ನಂತರದ ವರ್ಷಗಳಲ್ಲಿ, ಕಡತ ಸಂಗ್ರಹ, ಸಂದೇಶ ಸರದಿ, ದತ್ತಸಂಚಯಗಳಿಗಾಗಿ ಕ್ಲೌಡನ್ನು ಅವಲಂಬಿಸುವ ತಂತ್ರಾಂಶಗಳು ಹೆಚ್ಚಾದವು. ಇವುಗಳನ್ನು ನಿಜವಾದ ಕ್ಲೌಡ್‌ನಲ್ಲಿಯೇ ಪರೀಕ್ಷಿಸಿದರೆ ಶುಲ್ಕ ತೆರಬೇಕಾಗುತ್ತದೆ. ಖಾತೆಯ ಗುಪ್ತ ಕೀಲಿಗಳನ್ನು ಪೈಪ್‌ಲೈನ್‌ನಲ್ಲಿ ಇರಿಸಬೇಕಾಗುತ್ತದೆ. ಏಕಕಾಲದಲ್ಲಿ ನಡೆಯುವ ಎರಡು ಪರೀಕ್ಷೆಗಳು ಒಂದರ ದತ್ತಾಂಶವನ್ನು ಮತ್ತೊಂದು ಕೆಡಿಸುವ ಸಂಭವವೂ ಇರುತ್ತದೆ.

ಪ್ರಮುಖ ಎಮ್ಯುಲೇಟರ್‌ಗಳು

ಅಮೆಜಾನ್ ತನ್ನ ಡೈನಮೋಡಿಬಿ ದತ್ತಸಂಚಯದ ಸ್ಥಳೀಯ ಆವೃತ್ತಿಯನ್ನು 2013ರಲ್ಲಿ ಬಿಡುಗಡೆ ಮಾಡಿತು. ಮೈಕ್ರೋಸಾಫ್ಟ್‌ನ ಅಜುರೈಟ್ ಅಜೂರ್ ಸಂಗ್ರಹ ಸೇವೆಗಳನ್ನು ಅನುಕರಿಸುತ್ತದೆ. ಪಬ್‌ಸಬ್, ಫೈರ್‌ಸ್ಟೋರ್ ಮೊದಲಾದ ಸೇವೆಗಳಿಗೆ ಗೂಗಲ್ ತನ್ನದೇ ಎಮ್ಯುಲೇಟರ್‌ಗಳನ್ನು ನೀಡಿದೆ. ಅಟ್ಲಾಸಿಯನ್ ಸಂಸ್ಥೆಯಲ್ಲಿ ಮುಕ್ತ ಆಕರ ಯೋಜನೆಯಾಗಿ ಆರಂಭವಾದ ಲೋಕಲ್‌ಸ್ಟ್ಯಾಕ್ ಅಮೆಜಾನ್‌ನ ಅನೇಕ ಸೇವೆಗಳನ್ನು ಒಂದೇ ಕಂಟೇನರ್‌ನಲ್ಲಿ ಒದಗಿಸುತ್ತದೆ.

ಕಾರ್ಯವಿಧಾನ

ಲೋಕಲ್‌ಸ್ಟ್ಯಾಕ್ ಬಳಸುವ ಪೈಪ್‌ಲೈನ್‌ನಲ್ಲಿ ಸಾಮಾನ್ಯವಾಗಿ ಈ ಹಂತಗಳಿರುತ್ತವೆ:

1. ಎಮ್ಯುಲೇಟರನ್ನು ಡಾಕರ್ ಕಂಟೇನರ್ ಆಗಿ ಆರಂಭಿಸಲಾಗುತ್ತದೆ.
2. ಅದರ ಆರೋಗ್ಯ ತಪಾಸಣೆಯ ವಿಳಾಸವನ್ನು ಮತ್ತೆ ಮತ್ತೆ ವಿಚಾರಿಸಿ, ಸೇವೆಗಳು ಸಿದ್ಧವಾಗುವವರೆಗೆ ಕಾಯಲಾಗುತ್ತದೆ. ಕಂಟೇನರ್ ಆರಂಭವಾದ ಕ್ಷಣಕ್ಕೇ ಸೇವೆಗಳು ಸಿದ್ಧವಾಗಿರುವುದಿಲ್ಲ.
3. ತಂತ್ರಾಂಶವು ಅಮೆಜಾನ್‌ನ ವಿಳಾಸದ ಬದಲು ಎಮ್ಯುಲೇಟರ್‌ನ 4566ನೆಯ ಪೋರ್ಟನ್ನು ಸಂಪರ್ಕಿಸುವಂತೆ ಪರಿಸರ ಚರಾಂಶಗಳನ್ನು ಹೊಂದಿಸಿ, ಕೀಲಿಗಳ ಸ್ಥಾನದಲ್ಲಿ ಹುಸಿ ಮೌಲ್ಯಗಳನ್ನು ನೀಡಲಾಗುತ್ತದೆ.
4. ಅಗತ್ಯವಾದ ಬಕೆಟ್, ಸರದಿ, ಕೋಷ್ಟಕಗಳನ್ನು ಸೃಷ್ಟಿಸಿ ಪರೀಕ್ಷೆಗಳನ್ನು ನಡೆಸಲಾಗುತ್ತದೆ.
5. ಕೊನೆಯಲ್ಲಿ ಕಂಟೇನರನ್ನು ಅಳಿಸಲಾಗುತ್ತದೆ. ದತ್ತಾಂಶವೂ ಅದರೊಡನೆ ಇಲ್ಲವಾಗುವುದರಿಂದ ಮುಂದಿನ ಪರೀಕ್ಷೆ ಬರಿದಾದ ಸ್ಥಿತಿಯಿಂದಲೇ ಆರಂಭವಾಗುತ್ತದೆ.

ಸಾಮಾನ್ಯ ತೊಡಕುಗಳು

ಪರೀಕ್ಷೆಗಳು ಪ್ರತ್ಯೇಕ ಕಂಟೇನರ್‌ನಲ್ಲಿ ನಡೆಯುವಾಗ "ಲೋಕಲ್‌ಹೋಸ್ಟ್" ಎಂಬ ಹೆಸರು ಆ ಕಂಟೇನರನ್ನೇ ಸೂಚಿಸುತ್ತದೆಯೇ ಹೊರತು ಎಮ್ಯುಲೇಟರನ್ನಲ್ಲ. ಆಗ ಎಮ್ಯುಲೇಟರ್ ಸೇವೆಗೆ ಕೊಟ್ಟ ಹೆಸರನ್ನು ಬಳಸಬೇಕಾಗುತ್ತದೆ. ಎಮ್ಯುಲೇಟರ್‌ನ ನಿರ್ದಿಷ್ಟ ಆವೃತ್ತಿಯನ್ನು ನಮೂದಿಸದೆ ಸದಾ ಇತ್ತೀಚಿನದನ್ನೇ ತರಿಸಿಕೊಂಡರೆ, ಕೋಡಿನಲ್ಲಿ ಯಾವ ಬದಲಾವಣೆಯೂ ಇಲ್ಲದೆ ಪರೀಕ್ಷೆಗಳು ವಿಫಲವಾಗಬಹುದು. ವಿಳಾಸದ ಹೊಂದಿಕೆ ತಪ್ಪಿಹೋದರೆ ತಂತ್ರಾಂಶವು ನಿಜವಾದ ಕ್ಲೌಡನ್ನೇ ಸಂಪರ್ಕಿಸಲು ಯತ್ನಿಸುತ್ತದೆ. ಹುಸಿ ಕೀಲಿಗಳಿದ್ದಲ್ಲಿ ಆ ಕೋರಿಕೆ ತಿರಸ್ಕೃತವಾಗುತ್ತದೆ. ನಿಜವಾದ ಕೀಲಿಗಳಿದ್ದಲ್ಲಿ ಅಸಲಿ ದತ್ತಾಂಶವೇ ಅಳಿಸಿಹೋಗುವ ಅಪಾಯವಿದೆ.

ಮಿತಿಗಳು

ಎಮ್ಯುಲೇಟರ್‌ನಲ್ಲಿ ಉತ್ತೀರ್ಣವಾದ ತಂತ್ರಾಂಶ ನಿಜವಾದ ಕ್ಲೌಡ್‌ನಲ್ಲಿಯೂ ಸರಿಯಾಗಿ ನಡೆಯುತ್ತದೆ ಎಂಬ ಖಾತರಿಯಿಲ್ಲ. ಲೋಕಲ್‌ಸ್ಟ್ಯಾಕ್‌ನ ಸಹಜ ಹೊಂದಿಕೆಯಲ್ಲಿ ಬಳಕೆದಾರರ ಅನುಮತಿ ನಿಯಮಗಳು ಜಾರಿಯಲ್ಲಿರುವುದಿಲ್ಲ. ಹೀಗಾಗಿ ಕಡತವನ್ನು ಓದುವ ಅನುಮತಿಯೇ ಇಲ್ಲದ ತಂತ್ರಾಂಶವೂ ಅಲ್ಲಿ ಪರೀಕ್ಷೆಯನ್ನು ದಾಟಿ, ಬಿಡುಗಡೆಯಾದ ಬಳಿಕ ಪ್ರವೇಶ ನಿರಾಕರಣೆಯನ್ನು ಎದುರಿಸಬಹುದು. ಸ್ಥಳೀಯ ಡೈನಮೋಡಿಬಿ, ಕೋಷ್ಟಕಕ್ಕೆ ನಿಗದಿಪಡಿಸಿದ ಓದು-ಬರಹದ ಸಾಮರ್ಥ್ಯದ ಮಿತಿಯನ್ನು ಪರಿಗಣಿಸುವುದಿಲ್ಲ. ಜಾಲದ ವಿಳಂಬವೂ ಒಂದೇ ಗಣಕದೊಳಗೆ ಕಾಣಿಸದು. ಈ ಕಾರಣದಿಂದ ಹೆಚ್ಚಿನ ಪರೀಕ್ಷೆಗಳನ್ನು ಎಮ್ಯುಲೇಟರ್‌ನಲ್ಲಿ ನಡೆಸಿ, ಅನುಮತಿ ಹಾಗೂ ಸಾಮರ್ಥ್ಯಕ್ಕೆ ಸಂಬಂಧಿಸಿದ ಕೆಲವನ್ನು ಬಿಡುಗಡೆಗೆ ಮುನ್ನ ಪ್ರತ್ಯೇಕ ಕ್ಲೌಡ್ ಖಾತೆಯಲ್ಲಿ ನಡೆಸುವ ಕ್ರಮವೂ ರೂಢಿಯಲ್ಲಿದೆ.